ಅರ್ಥವಿಲ್ಲದ ಸಾಕೆಟ್

೨೦೧೧ನೆಯ ಇಸವಿಯ ಮಾರ್ಚ್ ೧೪, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಹುಟ್ಟಿದೆ. ನಾನು ಒಂದು ಹದಿನಾರು ಆಂಪಿಯರ್ ಸಾಕೆಟ್. ನನ್ನ ಮೈಗೆ ಅಂಟಿಕೊಂಡೇ ಒಂದು ಸ್ವಿಚ್ಚೂ ಹುಟ್ಟಿತು. ಅದನ್ನು ನನ್ನ ಒಂದು ಅಂಗವೆಂದೇ ತಿಳಿಯಿರಿ. ನೂರ ಅರವತ್ತೈದು ಡಿಗ್ರಿ ಕಾವಿನ ಉಕ್ಕಿನ ಅಚ್ಚಿನಲ್ಲಿ ಒಂದು ಹಿಡಿ ಬಿಳಿಯ ಪುಡಿ ತೊಂಬತ್ತು ಸೆಕೆಂಡು ಬೆಂದು ನಾನಾಯಿತು. ಮನುಷ್ಯನಿಗೆ ಹುಟ್ಟಲು ಒಂಬತ್ತು ತಿಂಗಳು ಬೇಕು. ಅಷ್ಟು ತಡವಾದದ್ದಕ್ಕೆ ಫಲಿತಾಂಶದಲ್ಲಿ ಅಂಥ ಹೆಚ್ಚುಗಾರಿಕೆಯೇನೂ ನನಗೆ ಈವರೆಗೆ ಕಂಡಿಲ್ಲ.

ಅಚ್ಚಿನಿಂದ ಹೊರಬಂದ ಮೇಲೆ ನನ್ನೊಳಗೆ ಮೂರು ಹಿತ್ತಾಳೆಯ ಕೊಳವೆಗಳನ್ನು ಕೂರಿಸಿದರು. ಎರಡು ಸಾವಿರ ವೋಲ್ಟಿನ ಪರೀಕ್ಷೆಗೆ ಒಂದು ನಿಮಿಷ ಒಡ್ಡಿದರು. ನಾನು ಮಿಸುಕಲಿಲ್ಲ. ಬೆನ್ನಿಗೆ ಗುಣಮಟ್ಟದ ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕಿದರು.

ನನಗೆ ಮೂರು ರಂಧ್ರಗಳು. ಕೆಳಗಿನ ಎರಡು ಚಿಕ್ಕವು, ಮೇಲಿನದು ದೊಡ್ಡದು. ಕೆಳಗಿನವು ಕೆಲಸ ಮಾಡುತ್ತವೆ: ಒಂದರಿಂದ ವಿದ್ಯುತ್ತು ಹೋಗುತ್ತದೆ, ಇನ್ನೊಂದರಿಂದ ಮರಳುತ್ತದೆ. ಮೇಲಿನದು ಕೆಲಸ ಮಾಡುವುದಿಲ್ಲ, ಕಾಯುತ್ತದೆ. ಅದರ ಹಿಂದಿನಿಂದ ಒಂದು ಹಸಿರು ತಂತಿ ಹೊರಟು ನೆಲದೊಳಕ್ಕೆ ಇಳಿಯಬೇಕು. ದಾರಿ ತಪ್ಪಿದ ವಿದ್ಯುತ್ತು ಯಾವುದಾದರೂ ಲೋಹದ ಮೈಯನ್ನು ಹೊಕ್ಕರೆ, ಈ ತಂತಿ ಅದನ್ನು ಮಣ್ಣಿಗೆ ಸಾಗಿಸುತ್ತದೆ. ಮರುಕ್ಷಣ ಫ್ಯೂಸು ಹಾರಿ ಎಲ್ಲವೂ ನಿಲ್ಲುತ್ತದೆ. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಈ ಮೂರನೆಯದು ಉಳಿದವಕ್ಕಿಂತ ಉದ್ದ. ಒಳಗೆ ಬರುವಾಗ ಎಲ್ಲರಿಗಿಂತ ಮೊದಲು, ಹೊರಗೆ ಹೋಗುವಾಗ ಎಲ್ಲರಿಗಿಂತ ಕೊನೆ. ಇಂಥ ಸಭ್ಯ ಏರ್ಪಾಟನ್ನು ಯೋಚಿಸಿದವನೂ ಮನುಷ್ಯನೇ ಎಂದು ನಂಬಲು ನನಗೆ ಕಷ್ಟವಾಗುತ್ತದೆ. ನಾನು ಬದುಕಿದ ಗದಗಿನಲ್ಲಿ ಇದನ್ನು ‘ಅರ್ಥ್’ ಎನ್ನುತ್ತಾರೆ. ಆ ಕೊನೆಯ ಅರೆ ಅಕ್ಷರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಂಗಡಿಯ ಕಪಾಟಿನಲ್ಲಿ ಎಂಟು ತಿಂಗಳು ಕಳೆದೆ. ನನ್ನ ಜೊತೆಗೆ ಒಂದು ಕಬ್ಬಿಣದ ಪೆಟ್ಟಿಗೆ, ನಾಲ್ಕು ತಿರುಪು ಮೊಳೆ ಮತ್ತು ಒಂದು ಕಪ್ಪು ರಬ್ಬರಿನ ಉಂಗುರ ಇದ್ದವು. ಉಂಗುರದ ಕೆಲಸ ಬಹಳ ಸಣ್ಣದು. ತಗಡಿನಲ್ಲಿ ಕೊರೆದ ತೂತಿನ ಅಂಚು ಬ್ಲೇಡಿನಂತಿರುತ್ತದೆ. ಆ ಅಂಚು ತಂತಿಯನ್ನು ಕೊಯ್ಯದಂತೆ ಉಂಗುರ ನಡುವೆ ಕೂರಬೇಕು. ಸಣ್ಣ ಕೆಲಸದವರನ್ನು ಮನುಷ್ಯರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ನನ್ನನ್ನು ಕೊಂಡವನು ನಿಂಗರಾಜ, ಊರಿನ ಎಲೆಕ್ಟ್ರಿಷಿಯನ್. ನನ್ನನ್ನು ಒಯ್ದದ್ದು ಕೈಗಾರಿಕಾ ವಸಾಹತಿನಲ್ಲಿದ್ದ ಅಡಿವೆಪ್ಪನ ವರ್ಕ್‌ಶಾಪಿಗೆ. ಅಲ್ಲಿ ಸಲಿಕೆ, ಗುದ್ದಲಿ, ಕುಡುಗೋಲು ತಯಾರಾಗುತ್ತಿದ್ದವು. ಅಡಿವೆಪ್ಪ ಪುಣೆಯ ಯಾವುದೋ ಪ್ರದರ್ಶನಕ್ಕೆ ಹೋಗಿ, ಅಲ್ಲಿ ಬಿಳಿ ತಗಡಿನ ಗೋಡೆಗಳನ್ನು ನೋಡಿ ಮನಸೋತು ಬಂದಿದ್ದ. ಇಟ್ಟಿಗೆಯ ಗೋಡೆಗೆ ಮರದ ಪಟ್ಟಿ ಬಡಿಸಿ, ಅದರ ಮೇಲೆ ಬಣ್ಣ ಲೇಪಿಸಿದ ಆರು ತಗಡುಗಳನ್ನು ಹೊಡೆಸಿದ್ದ. ಮರ ವಿದ್ಯುತ್ತನ್ನು ಬಿಡುವುದಿಲ್ಲ. ಎಂದರೆ ಆ ತಗಡುಗಳು ಭೂಮಿಯ ಸಂಬಂಧವನ್ನೇ ಕಡಿದುಕೊಂಡು ನಿಂತಿದ್ದವು. ಇಂಥ ಗೋಡೆಯಲ್ಲಿ ಸಾಕೆಟ್ ಕೂರಿಸುವವನಿಗೆ ಎರಡು ವಿಷಯ ಗೊತ್ತಿದ್ದರೆ ಸಾಕು: ರಬ್ಬರ್ ಉಂಗುರ ಮತ್ತು ಹಸಿರು ತಂತಿ.

ನಿಂಗರಾಜ ಮೂರನೆಯ ತಗಡಿನ ಮೇಲೆ ಪೆನ್ಸಿಲಿನಿಂದ ಒಂದು ಚೌಕ ಬರೆದ. ಅದು ಚೌಕವಾಗಿರಲಿಲ್ಲ. ಗ್ರೈಂಡರಿನಿಂದ ಕೊಯ್ದ, ಬಣ್ಣ ಸುಟ್ಟು ಹೊಗೆಯೆದ್ದಿತು. ಅಂಚಿಗೆ ಅರ ಹಾಕಿ ನುಣುಪು ಮಾಡಬೇಕಿತ್ತು, ಮಾಡಲಿಲ್ಲ. ಚೌಕದ ಅಂಚಿಗೆ ಆನುವಂತೆ ಪೆಟ್ಟಿಗೆ ಕೂರಿಸಿ, ಅದರ ಬೆನ್ನಿನ ತಗಡಿನಲ್ಲಿ ಒಂದು ತೂತು ಕೊರೆದು ತಂತಿಗಳನ್ನು ಎಳೆದುಕೊಂಡ. ಎಳೆಯುವಾಗ ಕೆಂಪು ತಂತಿಯ ಮೈಮೇಲೆ ಅಂಚು ಗೀರಿತು. ಅವನಿಗೆ ಆ ಸದ್ದು ಕೇಳಿಸಲಿಲ್ಲ, ಏಕೆಂದರೆ ಅವನು ಸಿಳ್ಳೆ ಹಾಕುತ್ತಿದ್ದ. ರಬ್ಬರ್ ಉಂಗುರ ಅವನ ಅಂಗೈಯಲ್ಲಿತ್ತು. ಅದನ್ನು ಎರಡು ಸಲ ಹಿಗ್ಗಿಸಿ ನೋಡಿ, ಜೇಬಿಗೆ ಹಾಕಿಕೊಂಡ. ಸಂಜೆ ತನ್ನ ಬೈಕಿನ ಕನ್ನಡಿ ಗಡಗಡ ಎನ್ನದಿರಲೆಂದು ಅದರ ಕಾಲಿಗೆ ಆ ಉಂಗುರವನ್ನು ಸಿಕ್ಕಿಸಿದ. ಕನ್ನಡಿ ನಿಂತಿತು. ಬೆನ್ನ ಹಿಂದಿನದೆಲ್ಲ ಅವನಿಗೆ ಸ್ಪಷ್ಟವಾಗಿ ಕಾಣತೊಡಗಿತು, ನನ್ನ ಬೆನ್ನ ಹಿಂದಿನದೊಂದು ಬಿಟ್ಟು.

ಹಸಿರು ತಂತಿಯನ್ನು ಮೂರು ಸುತ್ತು ಸುತ್ತಿ ಪೆಟ್ಟಿಗೆಯ ಮೂಲೆಗೆ ತುರುಕುವಾಗ ಅಡಿವೆಪ್ಪ ನೋಡಿದ.

“ಅದ್ಯಾಕಪಾ, ಅದನ್ನ ಬಿಟ್ಟಿ?”

“ಹಸರ ವಯರ್ ಏನೂ ಮಾಡಂಗಿಲ್ರಿ ಸಾವ್ಕಾರ್ರ. ಸುಮ್ನ ಕುಂತಿರತೈತಿ. ಅದಕ್ಕ ಹೊರಗ ತೆಗ್ಗ ತೋಡಬೇಕು, ಪೈಪ್ ಹುಗೀಬೇಕು, ಇದ್ದಲಿ ಉಪ್ಪು ಹಾಕಬೇಕು. ಎರಡು ದಿನದ ಕೆಲಸ.”

“ಸುಮ್ನ ಕುಂದರೂದಕ್ಕ ಎರಡು ದಿನಾನ?” ಎಂದು ಅಡಿವೆಪ್ಪ ನಕ್ಕ. “ಸುಮ್ನ ಕುಂದರೂ ಮಂದಿ ನಮ್ಮಲ್ಲಿ ಬೇಕಾದಷ್ಟು ಅದಾರ. ಬಿಡು.”

ಇಬ್ಬರೂ ಚಹಾ ಕುಡಿದರು. ನನ್ನ ಮೂರನೆಯ ರಂಧ್ರ ಅಂದಿನಿಂದ ಬರೀ ಒಂದು ತೂತು. ಹೊರಗಿನಿಂದ ನೋಡಿದವನಿಗೆ ಮೂರು ಇವೆ, ಒಳಗೆ ಎರಡೇ. ಬೆನ್ನಿಗೆ ಗುಣಮಟ್ಟದ ಮುದ್ರೆಯಿದ್ದ ಒಂದು ಸುಳ್ಳಾಗಿ ನಾನು ಗೋಡೆಯ ಮೇಲೆ ನಿಂತೆ.

ಮೊದಲ ಮಳೆಗಾಲದಲ್ಲಿ ಮುಖ್ಯ ಬೋರ್ಡಿನ ಟ್ರಿಪ್ಪರ್ ವಾರಕ್ಕೆ ಮೂರು ಸಲ ಬಿತ್ತು. ಟ್ರಿಪ್ಪರ್ ಎಂದರೆ ವಿದ್ಯುತ್ತು ಎಲ್ಲಿಯೋ ಸೋರುತ್ತಿದೆ ಎಂದು ಕಂಡ ಕೂಡಲೇ ಎಲ್ಲವನ್ನೂ ಕಡಿದುಬಿಡುವ ಯಂತ್ರ. ಆ ವರ್ಕ್‌ಶಾಪಿನಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ. ನಿಂಗರಾಜ ಬಂದು, “ಇದು ಕೆಟ್ಟೈತ್ರಿ, ಸುಮ್ಮಸುಮ್ಮನ ಬೀಳತೈತಿ” ಎಂದು ಅದರ ಎರಡು ತುದಿಗಳನ್ನು ನೇರ ಜೋಡಿಸಿ ಬಾಯಿ ಮುಚ್ಚಿಸಿದ.

ಇನ್ನು ಹೊನ್ನವ್ವನ ವಿಷಯ. ಆಕೆಗೆ ಆಗ ನಲವತ್ತೈದರ ಆಸುಪಾಸು. ತಯಾರಾದ ಸಲಿಕೆ ಗುದ್ದಲಿಗಳಿಗೆ ಕೆಂಪು ಬಣ್ಣ ಬಳಿದು, ಒಣಗಲು ಗೋಡೆಯ ಕೊಕ್ಕೆಗಳಿಗೆ ತೂಗುಹಾಕುವುದು ಅವಳ ಕೆಲಸ. ಕೊಕ್ಕೆಗಳು ತಗಡಿಗೇ ಬಿಗಿದಿದ್ದವು, ನನ್ನ ಎಡಕ್ಕೂ ಬಲಕ್ಕೂ. ಉಳಿದವರೆಲ್ಲ ರಬ್ಬರ್ ಚಪ್ಪಲಿಯಲ್ಲೇ ಓಡಾಡುತ್ತಿದ್ದರು. ಹೊನ್ನವ್ವ ಮಾತ್ರ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದಳು.

“ಅನ್ನ ಕೊಡೂ ಜಾಗದಾಗ ಚಪ್ಪಲಿ ಹಾಕ್ಕೊಂಡು ಹೆಂಗ ತಿರಗ್ಯಾಡೂದ್ರಿ?” ಎನ್ನುತ್ತಿದ್ದಳು.

ಭಕ್ತಿಯಿಂದ ಆಗುವ ಒಂದೇ ಒಂದು ಅಳೆಯಬಹುದಾದ ಪರಿಣಾಮವೆಂದರೆ ಅಂಗಾಲಿನ ವಿದ್ಯುತ್ ರೋಧ ಕಡಿಮೆಯಾಗುವುದು. ಹೀಗಾಗಿ ಆ ಗೋಡೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ತಿಳಿಯಬಲ್ಲ ಒಂದೇ ಉಪಕರಣ ಅವಳಾಗಿದ್ದಳು.

ಮೊದಲ ಸಲ ಅದು ಅವಳನ್ನು ಮುಟ್ಟಿದಾಗ ಕೈಯಲ್ಲಿದ್ದ ಸಲಿಕೆ ಬಿತ್ತು.

“ಯವ್ವಾ! ಗೋಡಿ ಕಡೀತ!”

ಸಲಿಕೆ ಒತ್ತುವ ಪ್ರೆಸ್ಸಿನ ಬಳಿ ಇದ್ದವರು ನಕ್ಕರು. “ಹೊನ್ನಕ್ಕಾ, ಗ್ವಾಡಿಗೆ ಹಲ್ಲ ಬಂದಾವೇನು? ಹಾಲಹಲ್ಲ ನೋಡು ಮತ್ತ, ಬೀಳತಾವ.”

“ಜುಂ ಅಂತೈತಿ, ಆಣಿ ಮಾಡಿ ಹೇಳ್ತೇನಿ. ನೀವೊಮ್ಮಿ ಮುಟ್ಟಿ ನೋಡ್ರಲಾ.”

ಅವರು ಚಪ್ಪಲಿ ಕಾಲಿನಲ್ಲಿ ಬಂದು ಮುಟ್ಟಿದರು. ಏನೂ ಆಗಲಿಲ್ಲ. ಪ್ರಯೋಗವನ್ನು ತಪ್ಪಾಗಿ ಮಾಡಿ ಸಿದ್ಧಾಂತವನ್ನು ಸರಿಯೆಂದು ಘೋಷಿಸುವುದರಲ್ಲಿ ಗಂಡಸರಿಗಿರುವ ವೇಗ ಬೇರೆ ಯಾವುದರಲ್ಲೂ ಇಲ್ಲ. ನಿಂಗರಾಜನನ್ನು ಕರೆಸಿದರು. ಅವನು ಮರದ ಸ್ಟೂಲ್ ಹತ್ತಿ ಟೆಸ್ಟರ್ ಇಟ್ಟ. ಅದರ ಹೊಟ್ಟೆಯಲ್ಲಿ ಮಿಣುಕು ದೀಪ ಹತ್ತಿತು.

“ಇದು ಇಂಡಕ್ಷನ್ರಿ. ಹಿಂಗ ಎಲ್ಲಾ ಕಡೆ ಇರತೈತಿ. ಏನಾಗಂಗಿಲ್ಲ.”

ತನಗೆ ಗೊತ್ತಿಲ್ಲದ್ದಕ್ಕೆಲ್ಲ ಅವನ ಬಳಿ ಆ ಒಂದು ಪದವಿತ್ತು. ಅದು ನಿಜವಾಗಿ ಏನಾಗಿತ್ತು ಎಂದು ನಾನು ಹೇಳುತ್ತೇನೆ. ಕೆಂಪು ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ದಪ್ಪ ಶೂನ್ಯ ಬಿಂದು ಎಂಟು ಮಿಲಿಮೀಟರ್. ಪ್ರೆಸ್ ಮಷಿನ್ ಪ್ರತಿ ಸಲ ಬಡಿದಾಗ ಗೋಡೆ ನಡುಗುತ್ತಿತ್ತು. ಗೋಡೆ ನಡುಗಿದಾಗ ತೂತಿನ ಅಂಚು ತಂತಿಯ ಗೀರಿನ ಮೇಲೆ ಒಂದು ಸಲ ಉಜ್ಜುತ್ತಿತ್ತು. ದಿನಕ್ಕೆ ಎರಡು ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಐನೂರರಲ್ಲೊಂದು ಪಾಲು ಸವೆತ. ಲೆಕ್ಕ ನೀವೇ ಹಾಕಿ: ನಾನೂರು ಕೆಲಸದ ದಿನ. ಪ್ರೆಸ್ ಓಡುತ್ತಿದ್ದದ್ದು ವಾರಕ್ಕೆ ನಾಲ್ಕೇ ದಿನ, ಎಂದರೆ ಹೆಚ್ಚುಕಡಿಮೆ ಎರಡು ವರ್ಷ. ಗೀರಿನ ಧೂಳಿನಲ್ಲಿ ತೇವ ಸೇರಿದ ದಿನ ಒಂದಿಷ್ಟು ಸೋರುತ್ತಿತ್ತು, ಅದು ಅವಳ ‘ಜುಂ’. ನಾನೂರು ಮುಗಿದ ದಿನ ಅದು ಜುಂ ಆಗಿ ಉಳಿಯುವುದಿಲ್ಲ. ನನ್ನ ಬೆನ್ನಿಗೇ ನಡೆಯುತ್ತಿದ್ದದ್ದನ್ನು ನಾನು ಎಣಿಸುತ್ತಿದ್ದೆ. ಹೇಳಲು ನನಗಿದ್ದ ಬಾಯಿ ಒಂದೇ, ಆ ಮೂರನೆಯದು. ಅದನ್ನು ಅವರು ಮುಚ್ಚಿದ್ದರು.

ಹೊನ್ನವ್ವ ವಾದ ಮಾಡಲಿಲ್ಲ. ಮರುದಿನದಿಂದ ಕೈಯ ಹಿಂಭಾಗದಿಂದ ಗೋಡೆಯನ್ನು ಅಲ್ಲಲ್ಲಿ ಮುಟ್ಟಿ ನೋಡತೊಡಗಿದಳು. ಕಡಿದ ಕಡೆ ಕೆಂಪು ಬಣ್ಣದ ಒಂದು ಚುಕ್ಕೆ ಇಡುವಳು. ಎರಡು ತಿಂಗಳಲ್ಲಿ ಗೋಡೆಯ ಮೇಲೆ ಮೂವತ್ತೊಂದು ಚುಕ್ಕೆಗಳಾದವು. ಎಲ್ಲವೂ ಮೂರನೆಯ ಮತ್ತು ಅದಕ್ಕೆ ತಾಗಿದ್ದ ನಾಲ್ಕನೆಯ ತಗಡುಗಳ ಮೇಲೆ. ಎಲ್ಲವೂ ತಿರುಪು ಮೊಳೆಯ ತಲೆ, ಕೊಕ್ಕೆ ಅಥವಾ ಕತ್ತರಿಸಿದ ಅಂಚು. ಹತ್ತು ವರ್ಷ ಓದಿದವನು ಮಾಡಬೇಕಾದ ಪ್ರಯೋಗ ಇದು.

“ಸಾವ್ಕಾರ್ರ, ಬಣ್ಣ ಇದ್ದಲ್ಲಿ ಕಡ್ಯಾಂಗಿಲ್ಲ. ಬರೇ ಕಬ್ಬಣ ಇದ್ದಲ್ಲಿ ಕಡಿತೈತಿ. ಅದೂ ಈ ಎರಡಾ ತಗಡಿಗೆ. ಹಲಗಿ ಮ್ಯಾಲೆ ನಿಂತ್ರ ಇಲ್ಲ, ನೆಲದ ಮ್ಯಾಲೆ ನಿಂತ್ರ ಐತಿ. ಆ ಬಿಳೀ ಡಬ್ಬಿ ಐತೆಲ್ಲಾ, ಅದರಾಗ ಏನೋ ಐತ್ರಿ.”

ಬಿಳಿ ಡಬ್ಬಿ ಎಂದರೆ ನಾನು. ನನ್ನ ಜೀವನದಲ್ಲಿ ನನ್ನನ್ನು ಸರಿಯಾಗಿ ಶಂಕಿಸಿದ ಮೊದಲ ವ್ಯಕ್ತಿ ಅವಳು.

ಅಡಿವೆಪ್ಪ ಗೋಡೆ ನೋಡಿದ. “ಪುಣಾದಾಗ ನೋಡಿ ಬಂದು ಮಾಡಿಸಿದ ಗೋಡಿ. ಸಿಡುಬ ಎದ್ದಂಗ ಮಾಡಿಯಲ್ಲ!” ಎಂದ. ಅವನಿಗೆ ಕಂಡದ್ದು ಅಷ್ಟೇ.

ಅವಳು ಕೈಚೆಲ್ಲಲಿಲ್ಲ. ಎಲ್ಲ ಮೊಳೆಯ ತಲೆಗಳಿಗೂ ಕೊಕ್ಕೆಗಳಿಗೂ ಎರಡೆರಡು ಸಲ ದಪ್ಪವಾಗಿ ಬಣ್ಣ ಬಳಿದಳು. ಸಾಮಾನು ಬಂದಿದ್ದ ಮರದ ಖೋಕಾದ ಹಲಗೆಯೊಂದನ್ನು ತಂದು ಅದರ ಮೇಲೆ ನಿಂತು ಕೆಲಸ ಮಾಡತೊಡಗಿದಳು. “ಹೊನ್ನವ್ವ ಸಿಂಹಾಸನ ಏರಿದ್ಲು, ಉಘೇ ಅನ್ನರೋ” ಎಂದರು. ಹಲಗೆಯನ್ನು ಒಂದೊಂದು ಕೊಕ್ಕೆಯ ಮುಂದಕ್ಕೂ ಸರಿಸುತ್ತ, ಸಲಿಕೆಯನ್ನು ಕೋಲಿನ ತುದಿಯಿಂದ ಏರಿಸುತ್ತ, ದಿನಕ್ಕೆ ಇನ್ನೂರು ತೂಗುಹಾಕುತ್ತಿದ್ದವಳು ನೂರಾ ಇಪ್ಪತ್ತಕ್ಕೆ ಇಳಿದಳು. ಇದು ಮಾತ್ರ ಅಡಿವೆಪ್ಪನಿಗೆ ತಕ್ಷಣ ಕಂಡಿತು.

ಈ ನಡುವೆ ವಿಮೆಯ ಕಾಗದ ಬಂತು. ಹದಿನಾಲ್ಕು ಪ್ರಶ್ನೆಗಳ ಒಂದು ತಪಾಸಣೆ ಪತ್ರ, ಕನ್ನಡದಲ್ಲಿ. ವರ್ಕ್‌ಶಾಪಿನ ಕಾಗದಪತ್ರವನ್ನೆಲ್ಲ ನೋಡುತ್ತಿದ್ದವರು ವಾಮನರಾವ ಮಾಸ್ತರು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸಿ ನಿವೃತ್ತರಾದವರು. ಜೇಬಿನಲ್ಲಿ ಈಗಲೂ ಕೆಂಪು ಪೆನ್ನು. ಅವರು ನನ್ನ ಕೆಳಗಿನ ಮೇಜಿನ ಮೇಲೆ ಪತ್ರ ಹರಡಿ ಒಂದೊಂದೇ ಓದಿದರು. ಬೆಂಕಿ ಆರಿಸುವ ಡಬ್ಬಿ ಇದೆಯೇ, ಮರಳಿನ ಬಕೆಟ್ ಇದೆಯೇ. ಒಂಬತ್ತನೆಯ ಪ್ರಶ್ನೆ ಹೀಗಿತ್ತು: “ಅರ್ಥ್ ಆಗಿದೆಯೇ?”

ಮಾಸ್ತರರ ಮುಖ ಕಹಿಯಾಯಿತು.

“ನೋಡ್ರಿ ಅಡಿವೆಪ್ಪ, ಭಾಷಾ ಯಾವ ಗತಿಗೆ ಬಂದದ ಅಂತ. ‘ಅರ್ಥ’ ಬರೀಲಿಕ್ಕೆ ಬರಂಗಿಲ್ಲ ಈ ಮಂದಿಗೆ. ಪೂರ್ತಿ ಅಕ್ಷರ ಬರಿಯೂ ಕಡೆ ಅರೆ ಅಕ್ಷರ ಬರದಾರ.”

“ಏನ ಕೇಳ್ಯಾರ್ರಿ ಮಾಸ್ತರ?”

“ಮ್ಯಾಲಿನ ಎಂಟೂ ಪ್ರಶ್ನಿ ಅರ್ಥ ಆಗ್ಯಾವೇನು ಅಂತ ಕೇಳ್ಯಾರ.”

“ಆಗ್ಯಾವಲ್ರಿ ನಿಮಗ?”

“ನನಗ ಆಗಲಾರದ್ದು ಏನದ ಇದರಾಗ?”

ಅವರು ಕೆಂಪು ಪೆನ್ನಿನಿಂದ ಮುದ್ರಣದೋಷವನ್ನು ತಿದ್ದಿದರು. ‘ಥ್’ ಅನ್ನು ‘ಥ’ ಮಾಡಿದರು. ಮುಂದಿನ ಖಾಲಿ ಜಾಗದಲ್ಲಿ ಸುಂದರವಾದ ಅಕ್ಷರದಲ್ಲಿ ಬರೆದರು: “ಸಂಪೂರ್ಣವಾಗಿ ಆಗಿದೆ.”

ಒಂದು ವಾಕ್ಯದ ದೂರದಲ್ಲಿ, ಅವರ ತಲೆಯ ಮೇಲೆ, ಆ ಹಸಿರು ತಂತಿ ಮೂರು ಸುತ್ತು ಸುತ್ತಿಕೊಂಡು ಕೂತಿತ್ತು. ತಗಡಿನ ಗೋಡೆಯಲ್ಲಿ ಬದುಕಿದ ನಾನು ಮನುಷ್ಯರಿಂದ ಹೆಚ್ಚಿನದನ್ನು ಬಯಸಿದವನಲ್ಲ. ಆದರೂ ಅಜ್ಞಾನಕ್ಕೆ ಇಷ್ಟು ಚೆಂದದ ಕೈಬರಹ ಇರಬಾರದು ಎಂದು ಆ ದಿನ ಅನ್ನಿಸಿತು.

ಎರಡನೆಯ ವರ್ಷದ ನವರಾತ್ರಿ ಬಂತು. ಖಂಡೆ ಪೂಜೆಗೆ, ಎಂದರೆ ಆಯುಧ ಪೂಜೆಗೆ, ಎರಡು ದಿನ ಮುಂಚೆ ಅಡಿವೆಪ್ಪ ಹೊನ್ನವ್ವನನ್ನು ಕರೆದ.

“ಹಬ್ಬ ಮುಗದ ಮ್ಯಾಲೆ ನೀ ಬರೂದು ಬ್ಯಾಡವಾ. ಅರ್ಧಾ ಕೆಲಸಕ್ಕ ಪೂರಾ ಆಳು ಇಟಗೊಳ್ಳಾಕ ಆಗಂಗಿಲ್ಲ. ಗೋಡಿ ಅಂಜಿಕಿ ಇದ್ದಾಕಿ ಗೋಡಿ ಇರಲಾರದ ಕಡೆ ಕೆಲಸ ನೋಡ್ಕೋ.”

ಹೊನ್ನವ್ವ ಕೈಯಲ್ಲಿದ್ದ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ಇಟ್ಟಳು. ಹನ್ನೊಂದು ವರ್ಷದಿಂದ ಅಲ್ಲಿದ್ದವಳು. ಮನೆಯಲ್ಲಿ ಅವಳ ದುಡಿಮೆಯ ಮೇಲೆಯೇ ಒಲೆ ಹೊತ್ತುತ್ತಿತ್ತು ಎಂದು ಮಧ್ಯಾಹ್ನದ ಊಟದ ಮಾತುಗಳಿಂದ ನನಗೆ ಗೊತ್ತಿತ್ತು.

“ನಾ ಸುಳ್ಳ ಹೇಳಿಲ್ರಿ” ಎಂದಳು. ಅಷ್ಟೇ.

ಮರುದಿನ ಗೋಡೆ ಸ್ವಚ್ಛ ಮಾಡಿದರು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಮೂವತ್ತೊಂದು ಚುಕ್ಕೆಗಳನ್ನು ಒರೆಸಿದರು. ಮೊಳೆಯ ತಲೆಗಳ ಮೇಲೆ, ಕೊಕ್ಕೆಗಳ ಮೇಲೆ ಅವಳು ಹಚ್ಚಿದ್ದ ಎರಡು ಲೇಪವನ್ನೂ ತಿಕ್ಕಿ ತೆಗೆದರು. ಕಬ್ಬಿಣ ಹೊಳೆಯಿತು. ಅವಳ ಹಲಗೆಯನ್ನು ಒಡೆದು ಒಲೆಗೆ ಹಾಕಿದರು.

ಖಂಡೆ ಪೂಜೆಯ ದಿನ ಬೆಳಿಗ್ಗೆ ನೆಲವನ್ನು ನೀರು ಹಾಕಿ ತೊಳೆದರು. ಯಂತ್ರಗಳಿಗೆ ಚೆಂಡು ಹೂವಿನ ಮಾಲೆ. ಸಲಿಕೆ, ಗುದ್ದಲಿ, ಸುತ್ತಿಗೆಗಳನ್ನು ಸಾಲಾಗಿ ಇಟ್ಟು ವಿಭೂತಿ ಹಚ್ಚಿದರು. ಬಣ್ಣದ ದೀಪದ ಸರವೊಂದನ್ನು ನನಗೆ ಸಿಕ್ಕಿಸಬೇಕಾಗಿತ್ತು. ಅದಕ್ಕೆ ಪ್ಲಗ್ಗೇ ಇರಲಿಲ್ಲ. ನನ್ನ ಮೂರನೆಯ ರಂಧ್ರಕ್ಕೆ ಒಂದು ಕಡ್ಡಿ ತುರುಕಿ, ಮಕ್ಕಳ ಬೆರಳು ಹೋಗದಿರಲೆಂದು ಕೆಳಗಿನ ಎರಡಕ್ಕಿರುವ ಒಳಬಾಗಿಲು ತೆರೆಯುವಂತೆ ಮಾಡಿ, ಬೋಳು ತಂತಿಗಳನ್ನು ತೂರಿಸಿ ಬೆಂಕಿಕಡ್ಡಿಯಿಂದ ಬಿಗಿದರು. ನನ್ನ ಅರ್ಥದ ಜಾಗಕ್ಕೆ ಅವರು ಕಂಡುಕೊಂಡ ಒಂದೇ ಉಪಯೋಗ ಅದು.

ಪೂಜೆಯೆಂದು ಎಲ್ಲರೂ ಚಪ್ಪಲಿಯನ್ನು ಹೊರಗೆ ಬಿಟ್ಟರು. ಅಡಿವೆಪ್ಪ, ಮಾಸ್ತರು, ನಿಂಗರಾಜ, ಪ್ರೆಸ್ಸಿನವರು. ಹೊನ್ನವ್ವ ದಿನಾ ಮಾಡುತ್ತಿದ್ದದ್ದನ್ನು ಅವರು ವರ್ಷಕ್ಕೊಮ್ಮೆ ಮಾಡಿದರು. ಒದ್ದೆ ನೆಲ, ಬರಿಗಾಲು, ಹೊಳೆಯುವ ಕಬ್ಬಿಣ, ಬಾಯಿ ಮುಚ್ಚಿದ ಟ್ರಿಪ್ಪರ್. ನಾನೂರನೆಯ ದಿನ ಮುಗಿದು ಒಂದು ವಾರವಾಗಿತ್ತು. ಅಂಚು ತಾಮ್ರವನ್ನು ಮುಟ್ಟಿತ್ತು. ಮೂರು ಮತ್ತು ನಾಲ್ಕನೆಯ ತಗಡುಗಳ ಮೇಲೆ ಈಗ ಇನ್ನೂರ ಮೂವತ್ತು ವೋಲ್ಟ್ ಇತ್ತು. ಚಪ್ಪಲಿ ಮತ್ತು ಹಲಗೆಯಿಂದಾಗಿ ಆ ವಾರ ಯಾರಿಗೂ ಅದು ಗೊತ್ತಾಗಿರಲಿಲ್ಲ.

ಹೊನ್ನವ್ವನೂ ಬಂದಿದ್ದಳು. ಕೊನೆಯ ದಿನದ ಪೂಜೆ ಎಂದು ಹಸಿರು ಇಳಕಲ್ಲ ಸೀರೆ ಉಟ್ಟು, ಹೊಸ್ತಿಲ ಬಳಿ ನಿಂತಿದ್ದಳು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಅಡಿವೆಪ್ಪ ಕುಂಕುಮದ ಬಟ್ಟಲು ಹಿಡಿದು ನನ್ನ ಕಡೆ ಬಂದ. ಪ್ರೆಸ್ಸಿಗೆ ಹಚ್ಚಿದ್ದಾಯಿತು, ಗ್ರೈಂಡರಿಗೆ ಹಚ್ಚಿದ್ದಾಯಿತು. ಇನ್ನು ಕರೆಂಟಿನ ದೇವರು. ಎಡಗೈಯಿಂದ ಕೊಕ್ಕೆ ಹಿಡಿದು ಬಾಗಿ ಹಚ್ಚುವುದು ಅವನ ಯೋಚನೆ.

“ಸಾವ್ಕಾರ್ರ! ಕೊಕ್ಕಿ ಮುಟ್ಟಬ್ಯಾಡ್ರಿ!” ಹೊನ್ನವ್ವ ಕೂಗಿದಳು.

“ಪೂಜಾ ಹೊತ್ತಿನ್ಯಾಗ ಏನವಾ ನಿನ್ನ ಗದ್ಲ” ಎಂದರು ಮಾಸ್ತರು.

ಅಡಿವೆಪ್ಪ ತಿರುಗಿಯೂ ನೋಡದೆ ಕೊಕ್ಕೆಗೆ ಕೈ ಹಾಕಿದ.

ಕೂಗು ಬರಲಿಲ್ಲ. ಅಂಥ ಹೊತ್ತಿನಲ್ಲಿ ಗಂಟಲೂ ಒಂದು ಸ್ನಾಯು, ಅದೂ ಬಿಗಿಯುತ್ತದೆ. ಬಟ್ಟಲು ಬಿತ್ತು. ಬೆರಳುಗಳು ಕೊಕ್ಕೆಯ ಸುತ್ತ ಮುಷ್ಟಿಯಾದವು. ಅವನು ಬಿಡಬೇಕೆಂದಷ್ಟೂ ಕೈ ಬಿಗಿಯಿತು. ನಿಂಗರಾಜ ಓಡಿಬಂದು ಅವನ ಭುಜ ಹಿಡಿದ; ಮರುಕ್ಷಣ ಹೂವಿನ ಬುಟ್ಟಿಯ ಮೇಲೆ ಬಿದ್ದಿದ್ದ. ಇಂಥ ಸಮಯದಲ್ಲಿ ಮಾಡಬಾರದ ಮೊದಲ ಕೆಲಸವನ್ನು ಮಾಡಿದವನು ಅಲ್ಲಿದ್ದ ಒಬ್ಬನೇ ಎಲೆಕ್ಟ್ರಿಷಿಯನ್.

ಹೊನ್ನವ್ವ ಪೂಜೆಗಿಟ್ಟ ಸಾಲಿನಿಂದ ಒಂದು ಹೊಸ ಗುದ್ದಲಿಯ ಹಿಡಿಕೆ ಎತ್ತಿಕೊಂಡಳು. ಒಣ ಜಾಲಿ ಕಟ್ಟಿಗೆ. ಎರಡೂ ಕೈಯಲ್ಲಿ ಹಿಡಿದು ಯಜಮಾನನ ಮಣಿಕಟ್ಟಿಗೆ ಬೀಸಿ ಹೊಡೆದಳು. ಕೈ ಬಿಡಲಿಲ್ಲ. ಇನ್ನೊಂದು ಹೊಡೆದಳು. ಬಿಟ್ಟಿತು. ಅವನು ವಾಲುವಾಗ ಮತ್ತೊಂದು ಬಿತ್ತು. ಆಮೇಲೆ ಹೋಗಿ ಮುಖ್ಯ ಬೋರ್ಡಿನ ಹಿಡಿಯನ್ನು ಅದೇ ಕಟ್ಟಿಗೆಯ ತುದಿಯಿಂದ ಕೆಳಗೆ ಒತ್ತಿದಳು. ದೀಪದ ಸರ ಆರಿತು. ಕೊಕ್ಕೆ ಮುಟ್ಟಿದ ಗಳಿಗೆಯಿಂದ ಅಲ್ಲಿಯವರೆಗೆ ಏಳು ಸೆಕೆಂಡು.

ಅಡಿವೆಪ್ಪ ಬದುಕಿದ. ವಿದ್ಯುತ್ತಿನಿಂದ ನಾಲ್ಕು ಬೆರಳುಗಳಲ್ಲಿ ಸುಟ್ಟ ಗಾಯ. ಹೊನ್ನವ್ವನಿಂದ ಮಣಿಕಟ್ಟಿನ ಮೂಳೆಯಲ್ಲಿ ಬಿರುಕು. ಮೂರು ದಿನ ಆಸ್ಪತ್ರೆಯಲ್ಲಿದ್ದು, ಕೈಗೆ ಪಟ್ಟಿ ಹಾಕಿಕೊಂಡು ಬಂದು ನನ್ನೆದುರು ಕುರ್ಚಿ ಹಾಕಿಸಿ ಕೂತ. ಹೊನ್ನವ್ವನನ್ನು ಕರೆಸಿದ. ಅವಳು ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

“ಮೊದಲನೇ ಏಟು ಬಿಡಸಾಕ ಹೊಡದಿ. ಒಪ್ಪಿದೆ. ಎರಡನೇದು?”

“ಮೊದಲನೇದಕ್ಕ ನೀವು ಬಿಡಲಿಲ್ರಿ.”

“ಮೂರನೇದು?”

ಹೊನ್ನವ್ವ ಸೆರಗು ಸರಿಮಾಡಿಕೊಂಡಳು. “ಅದು… ಎರಡು ವರ್ಷದ್ದು ರೀ.”

ಪ್ರೆಸ್ಸಿನ ಬಳಿ ಯಾರೋ ನಗುವನ್ನು ಕೆಮ್ಮಾಗಿ ಬದಲಾಯಿಸಿದರು. ಅಡಿವೆಪ್ಪ ತನ್ನ ಪಟ್ಟಿಯ ಕೈಯನ್ನು ನೋಡಿಕೊಂಡ. ಅವನ ಮುಖದ ಮೇಲೆ ನಾಚಿಕೆಯಂಥದೇನೋ ಹಾದುಹೋಯಿತು. ಅಭ್ಯಾಸವಿಲ್ಲದ್ದರಿಂದ ಸರಿಯಾಗಿ ಕೂರಲಿಲ್ಲ.

“ನಾಳಿಂದ ಕೆಲಸಕ್ಕ ಬಾರವಾ” ಎಂದ.

“ಬರಬ್ಯಾಡ ಅಂದಿದ್ರಿ.”

“ಈಗ ಬಾ ಅಂತೇನಿ.”

“ಮೊದಲ ಆ ಡಬ್ಬಿ ಬಿಚ್ಚಸ್ರಿ. ಅದರಾಗ ಏನೈತಿ ನೋಡೂಣು. ಆಮ್ಯಾಗ ಬರೂದು ಬಿಡೂದು.”

ನಿಂಗರಾಜ ನನ್ನ ನಾಲ್ಕು ಮೊಳೆ ತೆಗೆದು ನನ್ನನ್ನು ಹೊರಗೆಳೆದ. ನನ್ನ ಬೆನ್ನು ಕಪ್ಪಾಗಿತ್ತು. ಹಿಂದೆ ಕೆಂಪು ತಂತಿಯ ಹೊಟ್ಟೆ ಸೀಳಿ ತಾಮ್ರ ತಗಡಿನ ಅಂಚಿಗೆ ಆತುಕೊಂಡಿತ್ತು. ಮೂಲೆಯಲ್ಲಿ ಹಸಿರು ತಂತಿ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು; ಏನೂ ಮಾಡದೆ ಸುಮ್ಮನೆ ಕೂತಿತ್ತು, ಅವನು ಹೇಳಿದ ಹಾಗೆಯೇ.

ಅವನು ಹಸಿರು ತಂತಿಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದ. ನಂತರ, “ಅರ್ಥ್ ಕೊಟ್ಟಿಲ್ರಿ ನಾನು” ಎಂದ.

“ಏನಂದಿ?” ಮಾಸ್ತರು ಮೇಜಿನಿಂದ ತಲೆಯೆತ್ತಿದರು. “ಇನ್ನೊಮ್ಮೆ ಅನ್ನು.”

“ಅರ್ಥ್ ರೀ ಮಾಸ್ತರ. ಅರ್ಥಿಂಗ್. ನೆಲಕ್ಕ ಹೋಗೂ ವಯರ್.”

ಮಾಸ್ತರು ಕಡತ ತೆಗೆದು, ತಮ್ಮ ಬಳಿಯಿದ್ದ ಪ್ರತಿಯ ಒಂಬತ್ತನೆಯ ಪ್ರಶ್ನೆಯನ್ನು ಬೆರಳಿಟ್ಟು ಓದಿದರು. ಜೇಬಿನ ಕೆಂಪು ಪೆನ್ನನ್ನು ಹೊರತೆಗೆದರು. ತಾವು ಪೂರ್ತಿ ಮಾಡಿದ್ದ ಅಕ್ಷರವನ್ನು ಮತ್ತೆ ಅರೆ ಮಾಡಿದರು. ತಮ್ಮ ಚೆಂದದ ಉತ್ತರದ ಮೇಲೆ ಒಂದು ಗೆರೆ ಎಳೆದು, ಕೆಳಗೆ “ಇಲ್ಲ” ಎಂದು ಬರೆದರು. ಅಕ್ಷರ ಗೆರೆಯಿಂದ ಜಾರಿ ಸೊಟ್ಟಗಾಯಿತು. ಅವರು ಬರೆದ ಅತ್ಯಂತ ಕೆಟ್ಟ ಅಕ್ಷರ ಅದೇ, ಮತ್ತು ಅದೊಂದೇ ನಿಜ. ಆ ಸಂಜೆಯೇ ವಿಮೆಯವರಿಗೂ ಹಾಗೆಂದು ಒಂದು ಪತ್ರ ಬರೆದರು.

ನಿಂಗರಾಜ ಹೊರಗೆ ಹೋದ. ಬೈಕಿನ ಕನ್ನಡಿಯ ಕಾಲಿನಿಂದ ಕಪ್ಪು ಉಂಗುರವನ್ನು ಬಿಚ್ಚಿಕೊಂಡು ಬಂದ. ತೂತಿಗೆ ಕೂರಿಸಲು ನೋಡಿದ. ಬಿಸಿಲಿಗೆ ಅದು ಗಟ್ಟಿಯಾಗಿತ್ತು, ಬೆರಳಿನಲ್ಲೇ ಎರಡಾಯಿತು. ಪೇಟೆಗೆ ಹೋಗಿ ಹೊಸ ಉಂಗುರಗಳ ಪೊಟ್ಟಣ ತಂದ. ಅರ ತಂದ. ಪ್ರತಿಯೊಂದು ತೂತಿನ ಅಂಚನ್ನೂ ತಿಕ್ಕಿ, ಬೆರಳು ಆಡಿಸಿ ನೋಡಿದ. ಟ್ರಿಪ್ಪರಿನ ಬಾಯಿ ಬಿಚ್ಚಿದ. ತಗಡುಗಳನ್ನೆಲ್ಲ ಒಂದಕ್ಕೊಂದು ಹಸಿರು ತಂತಿಯಿಂದ ಕಟ್ಟಿ, ಆ ತಂತಿಯನ್ನು ಹೊರಗಿನ ಗುಂಡಿಗೆ ಒಯ್ದ. ಗುಂಡಿ ಎಂಟು ಅಡಿ ಆಳ. ಪೈಪು, ಇದ್ದಲು, ಉಪ್ಪು. ಎರಡು ದಿನದ ಕೆಲಸ, ಎರಡೇ ದಿನ ಹಿಡಿಯಿತು. ಹೊನ್ನವ್ವ ಗುಂಡಿಯ ಅಂಚಿನಲ್ಲಿ ಕೂತು, “ಇನ್ನೂ ಆಳ ತಗಿ ತಮ್ಮಾ, ಇನ್ನೂ ಆಳ” ಎನ್ನುತ್ತಿದ್ದಳು. ಅವನು ತೆಗೆಯುತ್ತಿದ್ದ. ಸಿಳ್ಳೆ ಹಾಕುತ್ತಿರಲಿಲ್ಲ.

ನನ್ನ ಜಾಗಕ್ಕೆ ಹೊಸ ಸಾಕೆಟ್ ಬಂತು. ಅದರ ಮೂರು ರಂಧ್ರಗಳೂ ನಿಜವಾದವು. ನನ್ನನ್ನು ಗುಜರಿ ಡಬ್ಬಿಗೆ ಎಸೆಯುವಾಗ ಹೊನ್ನವ್ವ ಎತ್ತಿಕೊಂಡಳು. ಈಗ ನಾನು ಅವಳ ಬಣ್ಣದ ಮೇಜಿನ ಮೂಲೆಯಲ್ಲಿ ಮುಖ ಮೇಲೆ ಮಾಡಿ ಮಲಗಿದ್ದೇನೆ. ನನ್ನ ರಂಧ್ರಗಳಲ್ಲಿ ಅವಳು ಕುಂಚಗಳನ್ನು ನಿಲ್ಲಿಸುತ್ತಾಳೆ. ಚಿಕ್ಕವೆರಡು ಕೆಳಗೆ, ದೊಡ್ಡದು ಮೇಲೆ. ಕೆಂಪು ಬಣ್ಣ ಇಳಿದು ಇಳಿದು ನಾನು ಬಿಳಿಯಾಗಿದ್ದೆನೆಂದು ಈಗ ಯಾರೂ ನಂಬುವುದಿಲ್ಲ.

ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಬದಲಾಗಿಲ್ಲ. ಏನೂ ಮಾಡದೆ ಕಾಯುವುದನ್ನು ಅವರು ಕೆಲಸವೆಂದು ಒಪ್ಪುವುದಿಲ್ಲ. ಕಾಲು ಸುಡುವವರೆಗೆ ನೆಲ ನೋಡುವುದಿಲ್ಲ. ಒಬ್ಬಳು ಮೂವತ್ತೊಂದು ಸಲ ಸಾಕ್ಷಿ ತಂದಿಟ್ಟರೆ ಅದನ್ನು ಥಿನ್ನರ್ ಹಾಕಿ ಒರೆಸುತ್ತಾರೆ. ನನ್ನನ್ನೂ ಈ ತಿರಸ್ಕಾರದಿಂದ ಹೊರಗಿಡುವುದಿಲ್ಲ. ಎಲ್ಲ ಎಣಿಸುತ್ತ ಗೋಡೆಯಲ್ಲಿ ಕೂತಿದ್ದವನು ನಾನೇ. ಎಣಿಸಿದ್ದಷ್ಟೇ ನಾನು ಮಾಡಿದ್ದು. ಅವಳು ಎಣಿಸಿ ಚುಕ್ಕೆ ಇಟ್ಟಳು.

ಹೊನ್ನವ್ವ ಈಗಲೂ ಚಪ್ಪಲಿಯನ್ನು ಹೊರಗೇ ಬಿಟ್ಟು ಬರುತ್ತಾಳೆ. ಬಂದವಳೇ ಒಂದು ಬಕೆಟ್ ನೀರನ್ನು ಅರ್ಥ್ ಗುಂಡಿಗೆ ಸುರಿಯುತ್ತಾಳೆ, ಉಪ್ಪು ಇದ್ದಲು ಒಣಗಬಾರದೆಂದು. ಆಮೇಲೆ ಕೈಯ ಹಿಂಭಾಗದಿಂದ ಮೂರನೆಯ ತಗಡಿನ ಒಂದು ಮೊಳೆ ಮುಟ್ಟಿ ನೋಡಿ ಕೆಲಸಕ್ಕೆ ಕೂರುತ್ತಾಳೆ. ಖಂಡೆ ಪೂಜೆಯ ದಿನ ನಿಂಗರಾಜ ಅರ್ಥ್ ಗುಂಡಿಯ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುವ ಮೀಟರ್ ಹಿಡಿದು ಬರುತ್ತಾನೆ; ಅಂಕಿ ಐದಕ್ಕಿಂತ ಕೆಳಗಿದ್ದರೆ ಕ್ಷೇಮ. ಮೊದಲು ಮೀಟರ್, ಆಮೇಲೆ ಆರತಿ. ಅದು ಅವಳ ಕಟ್ಟಳೆ. ಮಾಸ್ತರು ಅಂಕಿಯನ್ನು ಗೋಡೆಯ ಮೇಲಿನ ಹಲಗೆಯಲ್ಲಿ ಕೆಂಪು ಪೆನ್ನಿನಿಂದ ಬರೆಯುತ್ತಾರೆ. ಅಲ್ಲಿಯವರೆಗೆ ಅಡಿವೆಪ್ಪ ಕುಂಕುಮದ ಬಟ್ಟಲು ಹಿಡಿದು, ಗೋಡೆಯಿಂದ ಎರಡು ಹೆಜ್ಜೆ ದೂರದಲ್ಲಿ, ಅವಳ ಮುಖವನ್ನೇ ನೋಡುತ್ತ ನಿಂತಿರುತ್ತಾನೆ.

ಈ ವರ್ಷ ಮೀಟರ್ ತೋರಿಸಿದ್ದು ೧.೮ ಓಮ್.